ಶೆಟ್ಲಿಯ ಮೀಸೆ

ಕುಮಟಾದಿಂದ ಅಘನಾಶಿನಿ ಹೊಳೆಯ ಕಡೆ ಹೊರಟರೆ ಗಜನಿ ಗದ್ದೆಗಳು ಸಿಗುತ್ತವೆ. ಮಳೆಗಾಲದಲ್ಲಿ ಇಲ್ಲಿ ಕಗ್ಗ ಭತ್ತ, ಉಪ್ಪುನೀರಿಗೂ ಜಗ್ಗದ ತಳಿ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಜೊತೆಗೆ ಮೀನುಮರಿ, ಸೀಗಡಿಮರಿಗಳೂ ಬಂದು ಉಳಿದ ಹುಲ್ಲಿನ ನಡುವೆ ಬೆಳೆಯುತ್ತವೆ. ಸೀಗಡಿಗೆ ಇಲ್ಲಿಯವರು ಶೆಟ್ಲಿ ಎನ್ನುತ್ತಾರೆ. ಒಂದೇ ಗದ್ದೆಗೆ ಎರಡು ಬೆಳೆ! ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿ ಮುದುಕನಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಹೋದ ಚಳಿಗಾಲ ಮೊಮ್ಮಗಳೂ ಬಂದಿದ್ದಳು. ರಾತ್ರಿ ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದ್ದರು. ಬುಟ್ಟಿಯಲ್ಲಿದ್ದ ಶೆಟ್ಲಿಯೊಂದರ ಮೀಸೆಗೆ ಇವಳು ಕೈ ಹಾಕಿದಳು. “ಎಳೀಬೇಡ ತಂಗೀ, ಅದ್ಕೆ ಕಣ್ಣಿಗಿಂತ ಮೀಸೇನೇ ಹೆಚ್ಚು” ಎಂದರು ಬಲೆ ಹಿಡಿದಿದ್ದ ಗೌಡರು.

ಮಾತು ಸುಳ್ಳಲ್ಲ, ಮಕ್ಕಳೇ. ಕಡ್ಡಿಯ ತುದಿಯಲ್ಲಿಟ್ಟಂಥ ಕಣ್ಣುಗಳೇನೋ ಇವೆ, ಆದರೆ ರಾತ್ರಿಯ ಕೆಸರುನೀರಿನಲ್ಲಿ ಅವು ಎಷ್ಟು ಕಂಡಾವು? ಶೆಟ್ಲಿಗೆ ಎರಡು ಜೋಡಿ ಮೀಸೆ. ಮೈಗಿಂತ ಉದ್ದದ ಜೋಡಿಯ ಮೇಲೆ ಸಾಲು ಸಾಲಾಗಿ ನವಿರು ರೋಮಗಳು. ಹತ್ತಿರದಲ್ಲಿ ಮೀನೊಂದು ಬಾಲ ಬೀಸಿದರೂ ನೀರು ಅಲುಗಿ ರೋಮ ಬಾಗುತ್ತದೆ; ಬುಡದ ನರಕ್ಕೆ ಸುದ್ದಿ ಮುಟ್ಟುತ್ತದೆ. ಶೆಟ್ಲಿ ಬಾಲ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ಗಿಡ್ಡ ಜೋಡಿ ಮುಖ್ಯವಾಗಿ ವಾಸನೆಗೆ. ಅದರ ಬುಡದ ಪುಟ್ಟ ಗೂಡಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಯಾವ ಕಡೆ ಒರಗುತ್ತವೋ ಅದರಿಂದ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವುದು. ಪೊರೆ ಕಳಚಿದಾಗ ಮರಳೂ ಹೋಗುತ್ತದೆ, ಹೊಸದನ್ನು ತುಂಬಿಕೊಳ್ಳಬೇಕು. 1893ರಲ್ಲಿ ವಿಯೆನ್ನಾದ ಕ್ರೈಡ್ಲ್ ಎಂಬ ವಿಜ್ಞಾನಿ ಮರಳಿನ ಬದಲು ಕಬ್ಬಿಣದ ಪುಡಿ ಕೊಟ್ಟು, ಮೇಲೆ ಅಯಸ್ಕಾಂತ ಹಿಡಿದ. ಪಾಪ, ಸೀಗಡಿ ಹೊಟ್ಟೆ ಮೇಲಾಗಿ ಮಗುಚಿಕೊಂಡಿತು! ಮೊಮ್ಮಗಳು ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು.

“ಮುರಿದ ಮೀಸೆ ಮತ್ತೆ ಬರ್ತದಾ ಅಜ್ಜಾ?” ಬರುತ್ತದೆ, ಪೊರೆ ಕಳಚುತ್ತಾ ಕಳಚುತ್ತಾ. ಅಲ್ಲಿಯವರೆಗೆ ಮೀನಿನ ಬಾಯಿಗೆ ಸಿಗದೆ ಉಳಿಯಬೇಕಷ್ಟೆ.

ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಗೌಡರ ಚಿಂತೆ ಮಾತ್ರ ಬೇರೆ. ಕಟ್ಟೆ ಒಡೆದರೆ ಉಪ್ಪುನೀರು ಹೇಳಿದಂತೆ ಕೇಳುವುದಿಲ್ಲ, ಕಗ್ಗವೂ ಹೋಗುತ್ತದೆ. ಪಕ್ಕದ ಗಜನಿಯಲ್ಲಿ ಬಿತ್ತನೆ ಆಗಲೇ ನಿಂತಿತ್ತು. ಅವರು ಬ್ಯಾಟರಿ ಹಿಡಿದು ಕಟ್ಟೆಯ ಏಡಿಬಿಲಗಳಿಗೆ ಮಣ್ಣು ಮೆತ್ತುತ್ತಿದ್ದರು; ಮೊಮ್ಮಗಳು ಸಣ್ಣ ಶೆಟ್ಲಿಗಳನ್ನು, ಮೀಸೆ ಮುಟ್ಟದೆ, ಒಂದೊಂದಾಗಿ ನೀರಿಗೆ ಬಿಡುತ್ತಿದ್ದಳು.