ಇನ್ನೂ ಮಣ್ಣಾಗದ ಕಲ್ಲು

ಐಡಾಹೋದ ಬಾಯ್ಸಿಯಿಂದ ಪೂರ್ವಕ್ಕೆ ಮೂರು ಗಂಟೆ ಕಾರು ಓಡಿಸಿದರೆ ಕ್ರೇಟರ್ಸ್ ಆಫ್ ದಿ ಮೂನ್. ಹೆಸರು ಕೇಳಿ ಇಲ್ಲಿ ಉಲ್ಕೆ ಬಿದ್ದಿರಬೇಕು ಅಂದ್ಕೋಬೇಡಿ. ಗ್ರೇಟ್ ರಿಫ್ಟ್ ಅನ್ನೋ ಬಿರುಕಿನಗುಂಟ ನೆಲವೇ ಸೀಳಿ, ಸುಮಾರು 15,000 ವರ್ಷದ ಹಿಂದೆ ಶುರುವಾಗಿ 2,000 ವರ್ಷದ ಹಿಂದಿನವರೆಗೆ ಬಿಟ್ಟು ಬಿಟ್ಟು ಎಂಟು ಸಲ ಲಾವಾ ಹರಿದ ಜಾಗ ಇದು. 1969ರಲ್ಲಿ ಅಲನ್ ಶೆಫರ್ಡ್ ಸೇರಿದಂತೆ ಅಪೊಲೊ ಗಗನಯಾತ್ರಿಗಳು ಕಲ್ಲಿನ ಪಾಠ ಕಲಿಯೋಕೆ ಇಲ್ಲಿಗೆ ಬಂದಿದ್ದರು.

ನಾನು ಅಪ್ಪನನ್ನು ಕರ್ಕೊಂಡು ಹೋಗಿದ್ದೆ. ವಿಜಯಪುರ ಜಿಲ್ಲೆಯಲ್ಲಿ ನಮ್ಮದು ಆರು ಎಕರೆ ಎರಿ ಹೊಲ. ಅದನ್ನ ಕೊಳ್ಳೋಕೆ ಯಾರೋ ಗಂಟು ಬಿದ್ದಿದ್ದಾರೆ ಅನ್ನೋದು ಅವರು ಬಂದ ದಿನವೇ ಗೊತ್ತಾಗಿತ್ತು. ಅದರ ಬಗ್ಗೆ ಮಾತ್ರ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಜೂನ್ ತಿಂಗಳು. ಬಿಸಿಲೇರಿದರೆ ಈ ಕಪ್ಪು ಕಲ್ಲಿನ ಮೈ 65 ಡಿಗ್ರಿ ದಾಟಬಹುದು, ಹಾಗಾಗಿ ಬೆಳಿಗ್ಗೆಯೇ ಬ್ರೋಕನ್ ಟಾಪ್ ಹಾದಿ ಹಿಡಿದೆವು. ಲಾವಾದಲ್ಲಿ ಎರಡು ಜಾತಿ, ಎರಡಕ್ಕೂ ಹವಾಯಿ ಭಾಷೆಯ ಹೆಸರು. ನುಣುಪಾಗಿ ಮಡಿಕೆ ಮಡಿಕೆಯಾಗಿರೋದು ಪಾಹೊಯ್‌ಹೊಯ್. ಅಪ್ಪ ಅದನ್ನ ನೋಡಿ "ಹಾಲಿನ ಕೆನಿ ಬೆರಳಿಲೆ ಸರಿಸಿದಂಗ ಐತಲ್ಲ" ಅಂದರು. ಯಾವ ಫಲಕದಲ್ಲೂ ಇಷ್ಟು ಸರಿಯಾಗಿ ಬರೆದಿರಲಿಲ್ಲ. ಇನ್ನೊಂದು ಆ-ಆ, ಮುಳ್ಳುಮುಳ್ಳಾದ ಪುಡಿಗಲ್ಲು. 1920ರಲ್ಲಿ ರಾಬರ್ಟ್ ಲಿಂಬರ್ಟ್ ಇಡೀ ಲಾವಾ ಬಯಲನ್ನ ಕಾಲ್ನಡಿಗೆಯಲ್ಲಿ ದಾಟಿದಾಗ, ಜೊತೆಗಿದ್ದ ನಾಯಿಯ ಪಾದ ಹರಿದು ಅದನ್ನ ಹೊತ್ಕೊಂಡೇ ನಡೆಯಬೇಕಾಯ್ತಂತೆ.

ಕಪ್ಪು ಬೂದಿಯ ಇಳಿಜಾರಿನಲ್ಲಿ ಬಕ್‌ವೀಟ್ ಅನ್ನೋ ಗಿಡ್ಡ ಗಿಡಗಳು, ಯಾರೋ ಅಳತೆ ಹಿಡಿದು ನೆಟ್ಟ ಹಾಗೆ. ನನ್ನ ಕೆಲಸವೇ ಅಂಕಿ ಚುಕ್ಕಿಗಳದ್ದು. ತಾನಾಗಿ ಚದುರಿದ ಚುಕ್ಕಿಗಳು ಇಷ್ಟು ಸಮವಾಗಿ ಕೂರೋದಿಲ್ಲ, ಅಲ್ಲಲ್ಲಿ ಗುಂಪುಗೂಡುತ್ತವೆ. ಇಲ್ಲಿ ಅಳತೆ ಹಿಡಿದಿರೋದು ನೀರು. ಅಂಗೈಯಗಲದ ಗಿಡ, ನೆಲದೊಳಗೆ ಬೇರು ಮಾತ್ರ ಮೂರು ಅಡಿವರೆಗೆ ಚಾಚಿ ಪಕ್ಕದವರನ್ನ ದೂರ ಇಡುತ್ತೆ. "ಸಾಲು ಬಿಟ್ಟು ಬಿತ್ತಿದಂಗ" ಅಂದರು ಅಪ್ಪ. ಬಗ್ಗಿ ಒಂದು ಹಿಡಿ ಬೂದಿ ತೆಗೆದು ಹಿಚುಕಿ ನೋಡಿದರು. ಉಂಡೆ ಕಟ್ಟಲಿಲ್ಲ.

"ಇದು ಉಕ್ಕಿ ಎಷ್ಟ ವರ್ಷ ಆತು?"

"ಎರಡ ಸಾವಿರ ವರ್ಷಪಾ."

"ಎರಡ ಸಾವಿರ ವರ್ಷಕ್ಕೂ ಮಣ್ಣ ಆಗಿಲ್ಲೇನು!"

ನಮ್ಮ ಎರಿ ಮಣ್ಣೂ ಇಂಥದ್ದೇ ಬಸಾಲ್ಟ್ ಸವೆದು ಆದದ್ದು, ದಖನ್ನಿನಲ್ಲಿ ಆ ಲಾವಾ ಹರಿದು 6.6 ಕೋಟಿ ವರ್ಷ ಆಯ್ತು ಅಂತ ಹೇಳಿದೆ. ಅವರು ಸುಮ್ಮನೆ ಕೇಳಿದರು. ಸ್ವಲ್ಪ ದೂರ ನಡೆದ ಮೇಲೆ, ಮುಖ ತಿರುಗಿಸದೆ, "ನೀ ಅಂತೂ ತಿರುಗಿ ಬಂದು ಬಿತ್ತಾಂವಲ್ಲ" ಅಂದರು. ಕೇಳಿದ್ದೋ ಹೇಳಿದ್ದೋ ತಿಳೀಲಿಲ್ಲ. "ಇಲ್ಲಪಾ" ಅಂದೆ. ಮಾರಬೇಡಿ ಅಂತ ಹೇಳೋ ಹಕ್ಕು ನನಗಿದೆ ಅನ್ನಿಸಲಿಲ್ಲ. ಮಾರಿ ಅನ್ನೋಕೆ ನಾಲಿಗೆ ಏಳಲಿಲ್ಲ.

ಆಮೇಲೆ ಪಕ್ಕದ ಇನ್ನೊಂದು ಹಾದಿಯಲ್ಲಿ ಮರದಚ್ಚುಗಳನ್ನ ನೋಡಿದೆವು. ಲಾವಾ ಬಂದು ಮರವನ್ನ ಸುತ್ತುವರಿದು ಗಟ್ಟಿಯಾಗಿದೆ. ಮರ ಸುಟ್ಟು ಹೋಗಿದೆ, ಇದ್ದಲಾದ ತೊಗಟೆಯ ಚೌಕುಳಿ ಬಿರುಕುಗಳ ಗುರುತು ಕಲ್ಲಿನಲ್ಲಿ ಉಳಿದಿದೆ. ಅಪ್ಪ ಅದನ್ನೇ ನೋಡ್ತಾ ಬಹಳ ಹೊತ್ತು ನಿಂತರು.

ವಾಪಸ್ ಕಾರಿನಲ್ಲಿ ಊರಿಂದ ಫೋನ್ ಬಂತು, ಅದೇ ಕೊಳ್ಳೋ ಮನುಷ್ಯ. "ಹಿಂಗಾರಿ ಜೋಳ ಬರಲಿ ತಡಿರಿ, ಆಮ್ಯಾಲ ಮಾತಾಡೂಣು" ಅಂತ ಹೇಳಿ ಇಟ್ಟರು.