ಬಟ್ಟೆಗೆ ಬಣ್ಣ ಹತ್ತದ ಕಾಲ

ಬೆಂಗಳೂರಿನ ಜೆ.ಸಿ. ರಸ್ತೆಯ ಪೇಂಟ್ ಅಂಗಡಿಯೊಂದರ ಕೌಂಟರಿಗೆ ನಾನು ಸೇರಿದಾಗ ಕಾರೆಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಅಲ್ಲೊಂದು ಇಲ್ಲೊಂದು ಮಾರುತಿ 800. ಶಟರ್ ಎತ್ತುವ ಮುಂಚೆಯೇ ಕಾರಿಗೆ ಬಣ್ಣ ಹೊಡೆಯುವ ಶೆಡ್ಡಿನ ಹುಡುಗರು ಖಾಲಿ ಡಬ್ಬ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಥಿನ್ನರ್, ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್, ಒಂದು ಕೆ.ಜಿ. ಬನಿಯನ್ ವೇಸ್ಟ್. ಪಾಲಿಷ್ ಕೆಲಸಕ್ಕೆ ಇಷ್ಟು ಸಾಕಿತ್ತು. ಮಷಿನ್ ಎಂಬುದನ್ನು ಆಗ ಯಾರೂ ಕೇಳುತ್ತಿರಲಿಲ್ಲ.

ಆಗ ಶೆಡ್ಡುಗಳಲ್ಲಿ ಹೊಡೆಯುತ್ತಿದ್ದುದು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ. ಥಿನ್ನರ್ ಆರಿದರೆ ಗಟ್ಟಿ, ಮತ್ತೆ ಥಿನ್ನರ್ ಸೋಕಿದರೆ ಕರಗಿತು. ವರ್ಷಗಟ್ಟಲೆ ಬಿಸಿಲು ತಿಂದ ಮೇಲೆ ಮಂಕಾಗುತ್ತಿತ್ತು, ಬೆರಳಾಡಿಸಿದರೆ ಪುಡಿ ಬರುತ್ತಿತ್ತು. ಆ ಸತ್ತ ಮೇಲ್ಪದರವನ್ನು ಕಾಂಪೌಂಡ್ ಹಾಕಿ ಉಜ್ಜಿ ತೆಗೆದರೆ ಕೆಳಗಿನ ಬಣ್ಣ ಹೊಳೆಯುತ್ತಿತ್ತು. ಕೆಂಪು ಕಾರು ತಿಕ್ಕಿದ ಹುಡುಗನ ಕೈ ಸಂಜೆಗೆ ಮೊಣಕೈವರೆಗೂ ಕೆಂಪು. ಬಟ್ಟೆಗೆ ಎಷ್ಟು ಬಣ್ಣ ಹತ್ತಿದೆ ಎಂದು ನೋಡಿಯೇ ಮೇಸ್ತ್ರಿಗಳು ಕೆಲಸ ಅಳೆಯುತ್ತಿದ್ದರು. "ಸಾಕು ಬಿಡೋ, ಇನ್ನೂ ತಿಕ್ಕಿದ್ರೆ ಸರ್ಫೇಸರ್ ಕಾಣ್ಸುತ್ತೆ" ಅನ್ನುವ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತಿತ್ತು. ಸರ್ಫೇಸರ್ ಎಂದರೆ ಬಣ್ಣದ ಕೆಳಗಿನ ಪದರ.

90ರ ದಶಕದಲ್ಲಿ ಝೆನ್, ಸಿಯೆಲೊ, ಆಮೇಲೆ ಸ್ಯಾಂಟ್ರೊ ಬಂದವು. ಅವುಗಳ ಜೊತೆ ಮೆಟಾಲಿಕ್ ಬಣ್ಣವೂ ಬೀದಿಗೆ ಬಂತು. ಈ ಬಣ್ಣಕ್ಕೆ ಎರಡು ಪದರ: ಕೆಳಗೆ ಅಲ್ಯೂಮಿನಿಯಂ ಹುಡಿ ಬೆರೆತ ಬೇಸ್ ಕೋಟ್, ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಹೊಳಪೆಲ್ಲ ಈ ಕ್ಲಿಯರ್‌ನದು. ಅದರ ದಪ್ಪವೋ, ಫ್ಯಾಕ್ಟರಿಯಿಂದ ಬಂದಾಗಲೇ ಸುಮಾರು 40-50 ಮೈಕ್ರಾನ್, ತಲೆಕೂದಲಿಗಿಂತ ಕಡಿಮೆ. ಧೂಳು ಸಿಕ್ಕ ಬಟ್ಟೆಯಲ್ಲಿ ಒರೆಸಿದಾಗ ಬೀಳುವ ಕೂದಲೆಳೆಯಂಥ ಗೀರುಗಳೆಲ್ಲ ಅದರ ಮೇಲೆಯೇ. ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಆದರೆ ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಮಿಂಚುವುದರಿಂದ, ಬಾನೆಟ್ ಮೇಲೆ ಸೂರ್ಯನ ಸುತ್ತ ಉಂಗುರ ಉಂಗುರವಾಗಿ ಕಾಣುತ್ತವೆ. ಸ್ವರ್ಲ್ ಮಾರ್ಕ್ ಎನ್ನುವುದು ಇದನ್ನೇ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಕಾಣದ ಇದು ಗಿರಾಕಿ ಕಾರನ್ನು ರಸ್ತೆಗೆ ತೆಗೆದ ಕೂಡಲೇ ಕಾಣುತ್ತಿತ್ತು. ಜಗಳ ಶುರುವಾಗುತ್ತಿದ್ದುದೂ ಅಲ್ಲಿಂದಲೇ.

ಹಳೆಯ ಮೇಸ್ತ್ರಿಗಳು ಎಡವಿದ್ದು ಇಲ್ಲಿ. ಕ್ಲಿಯರ್ ಉಜ್ಜಿದರೆ ಬಟ್ಟೆ ಬೆಳ್ಳಗೇ ಉಳಿಯುತ್ತದೆ. ಏನೂ ಆಗುತ್ತಿಲ್ಲ ಎಂದು ಇನ್ನಷ್ಟು ಒತ್ತಿದರೆ, ಒಂದು ಗಳಿಗೆಯಲ್ಲಿ ಬಟ್ಟೆಗೆ ಬಣ್ಣ ಹತ್ತುತ್ತದೆ. ಮೊದಲು ಕೆಲಸ ಸಾಗುತ್ತಿದೆ ಎನ್ನುವುದಕ್ಕೆ ಗುರುತಾಗಿದ್ದದ್ದು ಈಗ ಕೆಲಸ ಕೆಟ್ಟಿತೆನ್ನುವುದಕ್ಕೆ ಗುರುತು. ಆಮೇಲೆ ಪಾಲಿಷ್ ಮಾತೇ ಇಲ್ಲ, ಮತ್ತೆ ಬಣ್ಣ ಹೊಡೆಯಬೇಕು. ಮೂವತ್ತು ವರ್ಷ ಬೆರಳ ತುದಿಯಲ್ಲಿ ಕಲಿತದ್ದು ಹೀಗೆ ತಿರುಗುಮುರುಗಾದರೆ ಯಾರಿಗಾದರೂ ಕಷ್ಟವೇ.

ಗಟ್ಟಿ ಕ್ಲಿಯರ್ ಮೇಲೆ ಕೈಯಿಂದ ಸಮನಾಗಿ ಹೊಳಪು ಬರುವುದಿಲ್ಲ, ಮಷಿನ್ ಬೇಕು. ಹೊಸ ಮಷಿನ್ ಸಣ್ಣ ಶೆಡ್ಡಿನವರ ಕೈಗೆಟುಕುತ್ತಿರಲಿಲ್ಲ. ಹಾಗಾಗಿ ಎಸ್‌.ಜೆ.ಪಿ. ರಸ್ತೆಯ ಹಳೇ ಟೂಲ್ ಅಂಗಡಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರು. ಅಲ್ಲಿ ಸಿಗುತ್ತಿದ್ದವು ಗ್ರಾನೈಟ್ ಕೆಲಸದವರೂ ಫರ್ನಿಚರ್ ಕೆಲಸದವರೂ ದುಡಿಸಿ ಬಿಟ್ಟ ಮಷಿನ್‌ಗಳು. ಕೆಲವರು ದುಡ್ಡು ಉಳಿಸಲು ಗ್ರೈಂಡರಿಗೇ ಉಣ್ಣೆ ಪ್ಯಾಡ್ ಕಟ್ಟಿದರು. ಪಾಲಿಷ್ ಮಷಿನ್ ತಿರುಗಬೇಕಾದದ್ದು ನಿಮಿಷಕ್ಕೆ 600ರಿಂದ 3,000 ಸುತ್ತು. ಸಣ್ಣ ಗ್ರೈಂಡರ್ ತಿರುಗುವುದು ಸುಮಾರು 11,000. ಬಾನೆಟ್ಟಿನ ಅಂಚು ಸುಟ್ಟು ತಗಡು ಕಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ಬುದ್ಧಿವಂತರು ಹಳೇ ಮಷಿನ್ ಕೊಳ್ಳುವ ರೀತಿ ನೋಡಲು ಚೆಂದ. ಮೊದಲು ಸ್ಪಿಂಡಲ್ ಹಿಡಿದು ಅಲ್ಲಾಡಿಸುವರು. ಆಡಿದರೆ ಬೇರಿಂಗ್ ಹೋಗಿದೆ. ಆನ್ ಮಾಡಿ ಗಾಳಿಕಿಂಡಿಯಲ್ಲಿ ಇಣುಕುವರು. ಕಿಡಿ ಜಾಸ್ತಿಯಿದ್ದರೆ ಕಾರ್ಬನ್ ಬ್ರಷ್ ಸವೆದಿದೆ, ಅದು ಅಗ್ಗದ ರಿಪೇರಿ. ಸುಟ್ಟ ವಾಸನೆ ಬಂದರೆ ಆರ್ಮೇಚರ್, ಅದಕ್ಕೆ ರಿವೈಂಡಿಂಗ್ ಖರ್ಚು, ಚೌಕಾಸಿಗೆ ದಾರಿ. ಕೊನೆಗೆ ವೇಗ ತೀರಾ ಇಳಿಸಿ ನೋಡುವರು. ನಿಧಾನಕ್ಕೆ ತಿರುಗದ ಮಷಿನ್ ಬಣ್ಣಕ್ಕೆ ಶತ್ರು. ಪ್ಯಾಡನ್ನು ಮಾತ್ರ ಯಾರೂ ಹಳೆಯದು ಕೊಳ್ಳುತ್ತಿರಲಿಲ್ಲ. ಒಣಗಿದ ಕಾಂಪೌಂಡ್, ಅದರೊಳಗೆ ಯಾವುದೋ ಕಲ್ಲಿನ ಪುಡಿ. ಇದ್ದ ಗೀರು ತೆಗೆಯಲು ಹೋಗಿ ಹೊಸ ಗೀರು ಹಾಕಿದ ಹಾಗೆ.

ರೋಟರಿ ಎನ್ನುವ ಈ ಮಷಿನ್ ಕೆಲಸ ಬೇಗ ಮುಗಿಸುತ್ತದೆ, ಆದರೆ ಒಂದೇ ಅಕ್ಷದ ಮೇಲೆ ತಿರುಗುವುದರಿಂದ ಶಾಖ ಹೆಚ್ಚು. ಉಣ್ಣೆ ಪ್ಯಾಡಿನಲ್ಲೇ ಕೆಲಸ ಮುಗಿಸಿಬಿಟ್ಟರೆ ಬಿಸಿಲಲ್ಲಿ ಅಲೆಯಲೆಯಾಗಿ ಗುರುತು ತೇಲುತ್ತದೆ. ಅದನ್ನು ಮುಚ್ಚಲು ಸಿಲಿಕೋನ್ ಬೆರೆತ ಪಾಲಿಷ್ ಬಂತು. ನಾಲ್ಕು ಸಲ ತೊಳೆದರೆ ಗುರುತು ಮತ್ತೆ ಹಾಜರ್. ಅಷ್ಟೇ ಅಲ್ಲ, ಮುಂದೆ ಆ ಜಾಗಕ್ಕೆ ಬಣ್ಣ ಹೊಡೆದರೆ ಮೀನುಗಣ್ಣಿನಂತೆ ಗುಳಿ ಬೀಳುತ್ತದೆ. ನಾನೂ ಅದನ್ನು ಮಾರಿದವನೇ, ಗಿರಾಕಿ ಕೇಳುತ್ತಿದ್ದ.

ಆಮೇಲೆ ಡ್ಯುಯಲ್ ಆಕ್ಷನ್ ಮಷಿನ್ ಬಂತು. ಪ್ಯಾಡ್ ತಿರುಗುತ್ತಲೇ ಓಲಾಡುತ್ತದೆ, ಹೆಚ್ಚು ಒತ್ತಿದರೆ ತಿರುಗುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ಸುಡುವ ಭಯ ಕಡಿಮೆ. ಎ.ಸಿ. ಹಾಕಿದ ಡಿಟೇಲಿಂಗ್ ಸ್ಟುಡಿಯೋಗಳು, ಪದರದ ದಪ್ಪ ಅಳೆಯುವ ಮೀಟರ್, ಗೀರು ಹುಡುಕುವ ಎಲ್‌ಇಡಿ ದೀಪ ಎಲ್ಲವೂ ಬಂದವು. ಎಷ್ಟೋ ಸ್ಟುಡಿಯೋಗಳು ಬಾಡಿಗೆ ಕಟ್ಟಲಾಗದೆ ಮುಚ್ಚಿದವು. ಅವರ ಮಷಿನ್‌ಗಳು ಓಎಲ್‌ಎಕ್ಸ್ ಮೂಲಕ ಅದೇ ಹಳೇ ಶೆಡ್ಡುಗಳಿಗೆ ಬಂದು ಸೇರಿದವು. ನಮ್ಮ ಗಲ್ಲಿಯಲ್ಲಿ ಈಗ ಒಳ್ಳೆಯ ಬಫಿಂಗ್, ಅಂದರೆ ಮಷಿನ್ ಪಾಲಿಷ್, ಆಗುತ್ತಿದ್ದರೆ ಅದಕ್ಕೆ ಈ ಸೆಕೆಂಡ್‌ಹ್ಯಾಂಡ್ ಮಷಿನ್‌ಗಳೇ ಕಾರಣ ಎಂದು ನಾನು ಹೇಳುತ್ತೇನೆ. ಮೇಸ್ತ್ರಿಗಳು ಪ್ಯಾಡ್ ಕೂರುವ ಬ್ಯಾಕಿಂಗ್ ಪ್ಲೇಟಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಂಡಿರುತ್ತಾರೆ. ಗೆರೆ ತಿರುಗುತ್ತಿದ್ದರೆ ಒತ್ತಡ ಸರಿ, ನಿಂತರೆ ಜಾಸ್ತಿ. ಬಟ್ಟೆಯ ಬಣ್ಣ ನೋಡುತ್ತಿದ್ದ ಕಣ್ಣು ಈಗ ಅಲ್ಲಿದೆ.

ಇಷ್ಟಾದರೂ ಸ್ವರ್ಲ್ ಹುಟ್ಟುವ ಕಡೆ ಯಾರ ಗಮನವೂ ಇಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಬ್ಬ ಹುಡುಗ ಒಂದೇ ಬಕೆಟ್ ನೀರು, ಒಂದೇ ಬಟ್ಟೆಯಲ್ಲಿ ಸಾಲು ಕಾರು ಒರೆಸುತ್ತಾನೆ. ತಪ್ಪು ಅವನದಲ್ಲ, ಬಟ್ಟೆಯ ಧೂಳು ಜಾಲಿಸಲು ಎರಡನೇ ಬಕೆಟ್ ಕೊಡಿಸಿದವರಾರು? ಆ ಗೀರು ತೆಗೆಯಲು ಮಾಡಿಸುವ ಪ್ರತಿ ಬಫಿಂಗೂ ಕ್ಲಿಯರನ್ನು ಒಂದಿಷ್ಟು ತಿನ್ನುತ್ತದೆ. ವರ್ಷ ವರ್ಷ ಮಾಡಿಸಿದರೆ ಉಳಿಯುವುದಿಲ್ಲ.

ಮಾಡಿಸಲೇಬೇಕೆಂದಿದ್ದರೆ, ಮಷಿನ್ ಹೊಸದೋ ಹಳೆಯದೋ ಎಂದು ಕೇಳಬೇಡಿ. ಪ್ಯಾಡ್ ಹೊಸದೇ ಎಂದು ಕೇಳಿ. ಬಾನೆಟ್ ಮೇಲೆ ಅಂಗೈಯಗಲ ಜಾಗ ಮೊದಲು ಮಾಡಿಸಿ, ಪಾಲಿಷ್ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಸಿ, ಬಿಸಿಲಿಗೆ ತಂದು ನೋಡಿ. ಅದಕ್ಕೆ ಒಪ್ಪದವನಾದರೆ ಬೀಗದ ಕೈ ವಾಪಸ್ ತೆಗೆದುಕೊಳ್ಳಿ.