ಕಾರಿನ ಕೆಮ್ಮು

ನಲವತ್ತು ದಾಟಿದ ಗಂಡಸು ಸ್ಪೋರ್ಟ್ಸ್ ಕಾರು ಕೊಂಡರೆ ಮನೆಯಲ್ಲಿ ಅವನಿಗೆ ಬೆಂಬಲ ಸಿಗುವುದಿಲ್ಲ. ನನಗೂ ಸಿಗಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ಸಣ್ಣ ಊರಿನಲ್ಲಿ ವೈದ್ಯನಾಗಿದ್ದಾಗ, 1994ರಲ್ಲಿ, ಇಪ್ಪತ್ತೆರಡು ವರ್ಷ ಹಳೆಯ ಎಂ.ಜಿ.ಬಿ. ಕಾರೊಂದನ್ನು ಅದರ ಮೂರನೆಯ ಯಜಮಾನನಿಂದ ಕೊಂಡೆ. ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಮಾಡು, 1798 ಸಿ.ಸಿ. ಎಂಜಿನ್, ಅದಕ್ಕೆ ಜೋಡಿ ಕಾರ್ಬುರೇಟರು. ಮೈಸೂರಿನಲ್ಲಿ ಓದುವಾಗ ಒಮ್ಮೆ ಯಾರದೋ ತೆರೆದ ಕಾರು ಕಣ್ಣಮುಂದೆ ಹಾದುಹೋದದ್ದರ ಫಲ ಇದು. ‘ಮಕ್ಕಳನ್ನು ಎಲ್ಲಿ ಕೂರಿಸ್ತೀರಿ?’ ಎಂದು ನನ್ನವಳು ಕೇಳಿದಳು. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಕಾರು ಕೆಮ್ಮತೊಡಗಿತು. ನೆಮ್ಮದಿಯಾಗಿ ನಲವತ್ತು ಮೈಲಿ ವೇಗದಲ್ಲಿ ಹೋಗುತ್ತಿರುವಾಗ ಎಂಜಿನ್ ಉಸಿರು ಕಟ್ಟಿದಂತೆ ತಡೆದು, ಎರಡು ಸಲ ಮುಗ್ಗರಿಸಿ, ಮರುಕ್ಷಣ ಏನೂ ಆಗಿಲ್ಲವೆಂಬಂತೆ ಓಡುವುದು. ಒಂದು ದಿನ ನಾಲ್ಕು ಸಲ, ಮತ್ತೆ ಒಂದು ವಾರ ಸದ್ದಿಲ್ಲ. ಗ್ಯಾರೇಜಿಗೆ ಒಯ್ದರಂತೂ ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಪರಮ ಸಂಭಾವಿತ. ಮೆಕ್ಯಾನಿಕ್ ಅರ್ಧ ಗಂಟೆ ಓಡಿಸಿ ಬಂದು, ಕಾರಿಗೇನೂ ಆಗಿಲ್ಲ ಎಂದು ನನ್ನ ಮುಖವನ್ನೇ ಪರೀಕ್ಷಿಸುವವನಂತೆ ನೋಡಿದ. ಆ ನೋಟ ನನಗೆ ಹೊಸದಲ್ಲ. ರೋಗಿಗಳನ್ನು ನಾನೇ ಹಾಗೆ ನೋಡುತ್ತಿದ್ದೆ.

ಅವನನ್ನು ಬಿಟ್ಟು ನಾನೇ ಚಿಕಿತ್ಸೆಗಿಳಿದೆ. ಪ್ಲಗ್ಗುಗಳನ್ನು ಬದಲಾಯಿಸಿದೆ. ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಹೀಗಾಗುತ್ತದೆ ಎಂದು ಓದಿ, ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಮುಚ್ಚಳ ತೆರೆದೆ. ಈ ಕಾರ್ಬುರೇಟರಿನ ತಲೆಯಲ್ಲಿ ಒಂದಿಷ್ಟು ಎಣ್ಣೆ ಇರಬೇಕು, ಅದು ಬತ್ತಿದರೆ ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ತೇಕುತ್ತದೆ, ಅದನ್ನೂ ತುಂಬಿದೆ. ಕೊನೆಗೆ ಹೊಸ ಪೆಟ್ರೋಲ್ ಪಂಪು ಹಾಕಿಸಿದೆ. ಅದರ ಬೆಲೆಯನ್ನು ಮನೆಯಲ್ಲಿ ಅರ್ಧ ಮಾಡಿ ಹೇಳಿದೆ. ಕೆಮ್ಮು ಹೋಗಲಿಲ್ಲ.

ಅದೇ ದಿನಗಳಲ್ಲಿ ಎಪ್ಪತ್ತರ ಹೆಂಗಸೊಬ್ಬರು ತಲೆಸುತ್ತೆಂದು ಮೂರು ಸಲ ಬಂದಿದ್ದರು. ನನ್ನೆದುರು ಕೂತಾಗ ಸುತ್ತೂ ಇಲ್ಲ, ಗಿತ್ತೂ ಇಲ್ಲ. ರಕ್ತದೊತ್ತಡ, ಇ.ಸಿ.ಜಿ. ಎಲ್ಲ ಸರಿ. ಮೂರನೆಯ ಸಲ ಅವರ ಕಾರ್ಡಿನ ಮೇಲೆ ‘ವಯಸ್ಸು, ಆತಂಕ’ ಎಂದು ಬರೆದು ಕಳಿಸಿದೆ.

ಒಂದು ಭಾನುವಾರ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೊರಟೆವು. ಕಾರು ಕೆಮ್ಮಿತು. ನಾನು ಬೈದುಕೊಂಡೆ. ಆಕೆ, ‘ಅಲ್ರೀ, ನೀವು ಸಿಟ್ಟಿನಲ್ಲಿ ಓಡಿಸೋವಾಗ ಇದು ಕೆಮ್ಮೋದೇ ಇಲ್ಲ. ಸಮಾಧಾನವಾಗಿದ್ದಾಗಲೇ ಕೆಮ್ಮುತ್ತೆ. ಆವತ್ತೇ ಹೇಳಿದ್ದೆ’ ಎಂದಳು. ಹೇಳಿದ್ದು ನಿಜ. ಅದನ್ನು ನಾನು ಕಾರಿನ ಮೇಲಿನ ಮಾತೆಂದು ತಿಳಿದಿರಲಿಲ್ಲ. ಆಮೇಲೆ, ‘ಆ ಮುಳ್ಳು ಯಾಕೆ ದೊಪ್ಪನೆ ಬೀಳುತ್ತೆ?’ ಎಂದೂ ಕೇಳಿದಳು.

ಅದು ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು. ಈ ಕಾರಿನಲ್ಲಿ ಅದಕ್ಕೆ ಲೆಕ್ಕ ಸಿಗುವುದು ಕಿಡಿ ಹೊತ್ತಿಸುವ ಕರೆಂಟಿನಿಂದ. ಪೆಟ್ರೋಲ್ ಸಾಲದೆ ಮುಗ್ಗರಿಸಿದರೆ ಮುಳ್ಳು ಎಂಜಿನ್ನಿನ ಜೊತೆ ಮೆಲ್ಲಗೆ ಇಳಿಯಬೇಕು. ಗಾಡಿ ಗೇರಿನಲ್ಲಿ ಉರುಳುತ್ತಿರುವಾಗಲೇ ದೊಪ್ಪನೆ ಬಿದ್ದರೆ ಕರೆಂಟೇ ಕಡಿದಿದೆ ಎಂದರ್ಥ. ನಾನು ಮೂರು ತಿಂಗಳು ಪೆಟ್ರೋಲಿನ ಹಿಂದೆ ಬಿದ್ದಿದ್ದೆ!

ಇನ್ನು ಆ ಸಿಟ್ಟು-ಸಮಾಧಾನದ ವಿಚಾರ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹೋಗುವಾಗ ಎಂಜಿನ್ನಿನ ಎಳೆತ ಒಂದು ತೆಳ್ಳನೆಯ ಕೊಳವೆಯ ಮೂಲಕ ಡಿಸ್ಟ್ರಿಬ್ಯೂಟರನ್ನು ಮುಟ್ಟುತ್ತದೆ. ಒಳಗಿನ ತಟ್ಟೆ ಕೊಂಚ ತಿರುಗಿ, ಕಿಡಿ ಸ್ವಲ್ಪ ಮುಂಚೆ ಹಾರುತ್ತದೆ. ಕಾಲು ಪೂರ್ತಿ ಒತ್ತಿದರೆ ಎಳೆತ ಸತ್ತು ತಟ್ಟೆ ತನ್ನ ಜಾಗಕ್ಕೆ ಮರಳುತ್ತದೆ. ಪಾಯಿಂಟುಗಳು ಕೂತಿರುವುದು ಆ ತಟ್ಟೆಯ ಮೇಲೆಯೇ. ಅವಕ್ಕೆ ಕರೆಂಟು ತರುವುದು ಬೆರಳುದ್ದದ ಒಂದು ತಂತಿ. ಮನೆಗೆ ಬಂದವನೇ ಆ ಕೊಳವೆಯನ್ನು ಕಿತ್ತು, ಬಾಯಿಗೆ ಮೊಳೆ ಸಿಕ್ಕಿಸಿ, ಹತ್ತು ಮೈಲಿ ಓಡಿಸಿದೆ. ಕೆಮ್ಮಲಿಲ್ಲ. ಮತ್ತೆ ಸಿಕ್ಕಿಸಿದೆ, ಕೆಮ್ಮಿತು. ತಂತಿಯನ್ನು ಬಿಚ್ಚಿ ನೋಡಿದರೆ ಮೇಲಿನ ಹೊದಿಕೆ ಭದ್ರವಾಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದಾಗ ನಡುವೆ ರಬ್ಬರಿನ ಹಾಗೆ ಉದ್ದವಾಯಿತು. ಒಳಗಿನ ತಾಮ್ರದ ಎಳೆಗಳು ತುಂಡಾಗಿ, ತಟ್ಟೆ ಸುಮ್ಮನಿದ್ದಾಗ ಒಂದಕ್ಕೊಂದು ಮುಟ್ಟಿಕೊಂಡು, ತಿರುಗಿದಾಗ ಒಮ್ಮೊಮ್ಮೆ ಕೈಬಿಡುತ್ತಿದ್ದವು. ಅಷ್ಟು ವರ್ಷ ಅಲ್ಲಾಡಿದ ತಂತಿ, ಅದನ್ನು ದೂರಿ ಪ್ರಯೋಜನವಿಲ್ಲ. ಹೊಸದಕ್ಕೆ ಚಿಲ್ಲರೆ ಕಾಸು ಸಾಕಾಯಿತು. ‘ಇಷ್ಟಕ್ಕೆ ಪಂಪು ಹಾಕಿಸಿದ್ರಾ?’ ಎಂದಳು. ಅರ್ಧ ಬೆಲೆ ಹೇಳಿದ್ದು ಒಳ್ಳೆಯದೇ ಆಯಿತು.

ಆ ವಾರವೇ ಆ ಹೆಂಗಸಿಗೆ ಹೇಳಿಕಳಿಸಿದೆ. ಸುತ್ತು ಬರುವಾಗ ಏನು ಮಾಡುತ್ತಿರುತ್ತೀರಿ ಎಂದು ಕೇಳಿದೆ. ತಂತಿಗೆ ಬಟ್ಟೆ ಒಣಹಾಕಲು ತಲೆ ಎತ್ತಿದಾಗ, ರಾತ್ರಿ ಬಲಕ್ಕೆ ಹೊರಳಿದಾಗ, ಎಂದರು. ಅವರನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ಒಮ್ಮೆಲೇ ಹಿಂದಕ್ಕೆ ಮಲಗಿಸಿ ತಲೆ ಮಂಚದಂಚಿನಿಂದ ಕೆಳಗಿಳಿಯುವಂತೆ ಮಾಡಿದೆ. 1952ರಿಂದಲೂ ಪುಸ್ತಕಗಳಲ್ಲಿರುವ ಪರೀಕ್ಷೆ ಅದು. ಒಂದು ನಿಮಿಷವೂ ಬೇಡ. ನಾಲ್ಕೈದು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಅವರ ಕಣ್ಣುಗುಡ್ಡೆಗಳು ಸರ್ರನೆ ಕುಣಿಯತೊಡಗಿದವು. ಅವರು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ತೊಂದರೆ ಇದ್ದದ್ದು ಕಿವಿಯೊಳಗೆ.

ಎದ್ದು ಕೂತು, ಸುಧಾರಿಸಿಕೊಂಡು, ‘ಬಟ್ಟೆಯ ವಿಷಯ ಮೊದಲ ದಿನವೇ ಹೇಳಿದ್ದೆನಲ್ಲ ಡಾಕ್ಟರ್’ ಎಂದರು. ಕಾರ್ಡನ್ನು ತಿರುಗಿಸಿ ನೋಡಿದೆ. ನಾನು ಬರೆದುಕೊಂಡಿರಲಿಲ್ಲ.